ಧರ್ಮಾಂಬುಧಿ ಮೆಜೆಸ್ಟಿಕ್ ಆದ ಬಗೆ: ಒಂದು ಕೆರೆಯಂಗಳದ ಪ್ರಕರಣ ಅಧ್ಯಯನ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಕೆಎಸ್‌ಆರ್‌ಟಿಸಿ ನಿಲ್ದಾಣದ ಪಕ್ಕದಲ್ಲೇ ಟ್ಯಾಂಕ್ ಬಂಡ್ ರಸ್ತೆ ಇದೆ. ಬಸ್ಸಿಳಿದು ಕಾಟನ್‌ಪೇಟೆ, ಉಪ್ಪಾರಪೇಟೆ ಕಡೆ ಹೋಗುವವರು ದಿನವೂ ಅದನ್ನು ದಾಟುತ್ತಾರೆ. ಆ ರಸ್ತೆಯ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಕೆರೆ ಏರಿ ರಸ್ತೆ. ಈಗ ಅಲ್ಲಿ ಕೆರೆಯಿಲ್ಲ, ಏರಿಯೂ ಏರಿಯ ಹಾಗೆ ಕಾಣುವುದಿಲ್ಲ. ಹಾಗಿದ್ದರೂ ಆ ಹೆಸರು ಸುಳ್ಳಲ್ಲ. ಈಗ ಬಸ್ಸುಗಳು ನಿಲ್ಲುವ ಜಾಗ ಧರ್ಮಾಂಬುಧಿ ಕೆರೆಯ ಅಂಗಳ.

ಈ ಜಾಗದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿದರು." ಇದರಲ್ಲಿ ಅರ್ಧ ಮಾತ್ರ ನಿಜ. ಬಸ್ ನಿಲ್ದಾಣ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಆ ಕೆರೆ ಕೆರೆಯಾಗಿ ಉಳಿದಿರಲಿಲ್ಲ. ಕಟ್ಟಡ ಎದ್ದ ವರ್ಷವನ್ನೇ ಬದಲಾವಣೆಯ ವರ್ಷ ಎಂದು ಹಿಡಿದರೆ ಕಾರಣವೇ ಕೈತಪ್ಪುತ್ತದೆ. ಒಂದು ಜಾಗ ಬದಲಾಗಲು ಶುರುವಾಗುವುದು ಅದು ಮಾಡುತ್ತಿದ್ದ ಕೆಲಸ ಬೇರೆ ಕಡೆಗೆ ಹೋದ ದಿನ. ಆಮೇಲಿನದೆಲ್ಲ ಆ ದಿನದ ಹಿಂದೆ ಸಾಲಾಗಿ ಬರುತ್ತದೆ. ಆ ಸಾಲನ್ನು ಧರ್ಮಾಂಬುಧಿಯಲ್ಲಿ ಬಿಡಿಸಿ ನೋಡಿದರೆ ನಿಮ್ಮೂರಿನ ಕಾಣೆಯಾದ ಕೆರೆಯನ್ನು ಓದುವುದಕ್ಕೂ ದಾರಿ ಸಿಗುತ್ತದೆ.

ಕೆರೆ ಮಾಡುತ್ತಿದ್ದ ಕೆಲಸ

ಅಂಬುಧಿ ಎಂದರೆ ಕಡಲು. ಊರಿನ ಇನ್ನೊಂದು ಕೆರೆ ಕೆಂಪಾಂಬುಧಿ, ಈ ಧರ್ಮಾಂಬುಧಿ, ಎರಡು ಹೆಸರೂ ಒಂದೇ ಅಚ್ಚಿನವು. 1537ರಲ್ಲಿ ಪೇಟೆ ಕಟ್ಟಿದ ಒಂದನೇ ಕೆಂಪೇಗೌಡರೇ ಧರ್ಮಾಂಬುಧಿಯನ್ನೂ ಕಟ್ಟಿಸಿದರು ಎಂಬುದು ಊರಿನ ನೆನಪು. ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಊರು ಕುಳಿತಿರುವುದು ದಿಣ್ಣೆಯ ಮೇಲೆ. ಬಿದ್ದ ಮಳೆ ನಾಲ್ಕೂ ಕಡೆ ಜಾರಿ ಹೋಗುತ್ತದೆ. ಅದನ್ನು ಜಾರುವ ದಾರಿಯಲ್ಲೇ ತಡೆದು ನಿಲ್ಲಿಸಬೇಕು. ಪೇಟೆಯ ಪಶ್ಚಿಮಕ್ಕೆ ಜಾರುವ ನೀರನ್ನು ಧರ್ಮಾಂಬುಧಿ ಹಿಡಿಯುತ್ತಿತ್ತು, ಅದರ ಮುಂದಿನ ಹಾದಿ ವೃಷಭಾವತಿ ಕಣಿವೆ. ಪೂರ್ವದ ಇಳಿಜಾರಿನ ನೀರು ಸಂಪಂಗಿ ಕೆರೆಗೆ ಸೇರುತ್ತಿತ್ತು.

ಕೆರೆಯೆಂದರೆ ಗುಂಡಿ ಎಂದುಕೊಂಡವರಿಗೆ ಮುಂದಿನ ಕಥೆ ಅರ್ಥವಾಗುವುದು ಕಷ್ಟ, ಆದ್ದರಿಂದ ಭಾಗಗಳನ್ನು ಹೇಳಲೇಬೇಕು. ಮೇಲಿನಿಂದ ನೀರು ತರುವ ಕಾಲುವೆಗಳು. ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಏರಿ, ಅದರ ಒಳಮೈಗೆ ಕಲ್ಲಿನ ಹೊದಿಕೆ. ಏರಿಯ ಬುಡದಲ್ಲಿ ನೀರು ಬಿಡಲು ತೂಬು. ಏರಿಯ ಒಂದು ತುದಿಯಲ್ಲಿ, ಏರಿಗಿಂತ ತಗ್ಗಿನಲ್ಲಿ, ಹೆಚ್ಚಾದ ನೀರು ಹೊರಬೀಳಲು ಕೋಡಿ. ಕೆಳಗೆ ಅಚ್ಚುಕಟ್ಟು, ಅಂದರೆ ಆ ನೀರಿನಿಂದ ಬೆಳೆಯುವ ಗದ್ದೆ ತೋಟ. ಇವೆಲ್ಲದರ ಮೇಲೆ ಕಣ್ಣಿಟ್ಟು ಕಾಯುವವನು ನೀರುಗಂಟಿ. ತೂಬು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಯಾವಾಗ ನೀರು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ, ಕಾಲುವೆಯಲ್ಲಿ ಎಲ್ಲಿ ಮರಳು ಕೂತಿದೆ ಎಂದು ನೋಡುವುದು ಅವನ ಕೆಲಸ.

ಪೇಟೆಯ ಪಕ್ಕದ ಕೆರೆಗೆ ಗದ್ದೆಯ ಜೊತೆಗೆ ಕುಡಿಯುವ ನೀರಿನ ಕೆಲಸವೂ ಇತ್ತು. ಧರ್ಮಾಂಬುಧಿಯ ನೀರು ಕಾಲುವೆಯಲ್ಲಿ ಹರಿದು ಪೇಟೆಯ ಬೀದಿಗಳ ತೊಟ್ಟಿಗಳಿಗೆ ಬರುತ್ತಿತ್ತು. ಇವಕ್ಕೆ ಕಾರಂಜಿ ಎಂದು ಹೆಸರು. ಬಿಂದಿಗೆ ತುಂಬಿಕೊಂಡು ಮನೆಗೆ ಒಯ್ಯುವುದು ಜನರ ಕೆಲಸ. ಸೋಸುವ ವ್ಯವಸ್ಥೆ ಇರಲಿಲ್ಲ. ಜನ ಕಡಿಮೆಯಿದ್ದಷ್ಟು ಕಾಲ ಇದು ನಡೆಯಿತು.

ಹೂಳಿನ ವಿಷಯ ಇಲ್ಲಿ ಮುಖ್ಯ. ಕೆರೆಗೆ ನೀರು ಬಂದಾಗಲೆಲ್ಲ ಮಣ್ಣೂ ಬರುತ್ತದೆ. ಸರಾಸರಿ 3 ಮೀಟರ್ ಆಳದ ಒಂದು ಕೆರೆಗೆ ವರ್ಷಕ್ಕೆ 2 ಸೆಂಟಿಮೀಟರ್ ಹೂಳು ಬಂದು ಕೂತಿತು ಎಂದಿಟ್ಟುಕೊಳ್ಳಿ. 50 ವರ್ಷಕ್ಕೆ ಒಂದು ಮೀಟರ್, ಅಂದರೆ ಹಿಡಿಯುವ ನೀರಿನಲ್ಲಿ ಮೂರನೇ ಒಂದು ಪಾಲು ಹೋಯಿತು. ಹಳೆಯ ಕಾಲದಲ್ಲಿ ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಅದು ಕೆರೆಯ ಸೇವೆಯೂ ಹೌದು, ಹೊಲದ ಗೊಬ್ಬರವೂ ಹೌದು. ಏರಿಯ ಕೆಳಗಿನ ಹೊಲಗಳು ಮನೆಗಳಾದ ಮೇಲೆ ಗೋಡು ಯಾರಿಗೂ ಬೇಡ. ಯಾರಿಗೂ ಬೇಡವಾದ ಮಣ್ಣು ಕೆರೆಯಲ್ಲೇ ಉಳಿಯುತ್ತದೆ.

ಕೆಲಸ ಹೆಸರಘಟ್ಟಕ್ಕೆ ಹೋಯಿತು

1876ರಿಂದ 1878ರವರೆಗಿನ ಬರ ಹಳೆಯ ಮೈಸೂರು ಸಂಸ್ಥಾನವನ್ನು ಹಿಂಡಿತು. ಮಳೆಯನ್ನೇ ನಂಬಿದ ಕೆರೆಗಳು ಎಷ್ಟು ದುರ್ಬಲ ಎಂಬುದು ಆಗ ಬಯಲಾಯಿತು. ನಿಂತ ನೀರಿಗೆ ಬಿಸಿಲಿನ ಸೆಳೆತವೇ ಸಾಕು. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಒಂದು ಎಕರೆ ನೀರಿನ ಮೇಲ್ಮೈಯಿಂದ 20,000 ಲೀಟರ್‌ಗೂ ಹೆಚ್ಚು ಹೋಗುತ್ತದೆ. ಹೂಳು ತುಂಬಿ ಆಳ ಕಡಿಮೆಯಾದಂತೆ, ಇರುವ ನೀರಿನಲ್ಲಿ ಬಿಸಿಲಿಗೆ ಹೋಗುವ ಪಾಲು ಹೆಚ್ಚುತ್ತದೆ. ಅಗಲವಾಗಿ, ತೆಳುವಾಗಿ ನಿಂತ ನೀರು ಬೇಗ ಮುಗಿಯುತ್ತದೆ.

ಅದೇ ಬರಗಾಲದ ಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸ ಹಿಡಿದರು. ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, 1864ರಲ್ಲೇ ಮದರಾಸು ಕಡೆಯಿಂದ ರೈಲು ಬಂದಿತ್ತು. 1880ರ ದಶಕದ ಆರಂಭಕ್ಕೆ ಮೈಸೂರು ದಾರಿಯೂ ಆಯಿತು, ಸಿಟಿ ರೈಲು ನಿಲ್ದಾಣ ಕೆರೆಯ ಪಶ್ಚಿಮದ ಮಗ್ಗುಲಿಗೆ ಬಂತು. ರೈಲು ಹಳಿ ಕಡಿದಾದ ಏರಿಳಿತ ಸಹಿಸುವುದಿಲ್ಲ. ತಗ್ಗಿನಲ್ಲಿ ಮಣ್ಣು ಪೇರಿಸಿ, ದಿಣ್ಣೆಯಲ್ಲಿ ಕಡಿದು ಮಟ್ಟ ಮಾಡಲೇಬೇಕು. ಹಾಗೆ ಪೇರಿಸಿದ ಮಣ್ಣಿನ ಗೋಡೆ ಹರಿದು ಬರುವ ನೀರಿಗೆ ಅಡ್ಡಲಾಗುತ್ತದೆ. ಆಮೇಲೆ ಕೆಳಗಿನ ಕೆರೆಗೆ ಎಷ್ಟು ನೀರು ಎಂಬುದನ್ನು ಮಳೆಗಿಂತ ಹಳಿಯ ಕೆಳಗಿನ ಮೋರಿಯ ಅಗಲವೇ ನಿರ್ಧರಿಸುತ್ತದೆ. ಕೆರೆಗಳ ಇತಿಹಾಸ ಬರೆಯುವವರು ಕಟ್ಟಡಗಳನ್ನು ಎಣಿಸುತ್ತಾರೆ, ಮೋರಿಗಳನ್ನು ಎಣಿಸುವುದಿಲ್ಲ. ಅದು ದೊಡ್ಡ ಕೊರತೆ.

ಆದರೆ ನಿಜವಾದ ತಿರುವು 1894ರದು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಊರಿನಿಂದ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಜಲಾಶಯ ಮಾಡಿ, ಅಲ್ಲಿಂದ ಪೇಟೆಗೆ ಕೊಳವೆಯಲ್ಲಿ ನೀರು ತರುವ ಏರ್ಪಾಟಾಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದರ ಹೆಸರು. ನಲ್ಲಿಯಲ್ಲಿ ನೀರು ಬರತೊಡಗಿದ ಮೇಲೆ ಧರ್ಮಾಂಬುಧಿಯ ಕೋಡಿ ಹರಿಯಿತೋ ಇಲ್ಲವೋ ಎಂದು ಪೇಟೆಯವರು ಕೇಳಬೇಕಾದ ಅಗತ್ಯವೇ ಉಳಿಯಲಿಲ್ಲ.

ಈ ಪ್ರಕರಣದ ಕೀಲು ಇರುವುದು ಇಲ್ಲೇ. ನಲ್ಲಿ ನೀರು ತಪ್ಪಾಗಿರಲಿಲ್ಲ, ಸೋಸದ ಕೆರೆ ನೀರು ಕುಡಿದು ಜನ ಕಾಯಿಲೆ ಬೀಳುತ್ತಿದ್ದ ಕಾಲಕ್ಕೆ ಅದು ದೊಡ್ಡ ಉಪಕಾರ. ತಪ್ಪಿದ್ದು ಬೇರೆ ಕಡೆ. ಕುಡಿಯುವ ನೀರಿನ ಕೆಲಸ ಹೋದಾಗ ಅದರ ಜೊತೆಗೆ ನೆರೆ ತಡೆಯುವ ಕೆಲಸ, ಬಾವಿಗಳಿಗೆ ಒಸರು ಕೊಡುವ ಕೆಲಸ, ಮಣ್ಣು ಹಿಡಿಯುವ ಕೆಲಸ ಇವೂ ಹೋದವು ಎಂದೇ ಎಲ್ಲರೂ ಭಾವಿಸಿದರು. ಆ ಕೆಲಸಗಳನ್ನು ಹೆಸರಘಟ್ಟ ವಹಿಸಿಕೊಳ್ಳಲಿಲ್ಲ, 18 ಕಿಲೋಮೀಟರ್ ದೂರದಿಂದ ವಹಿಸಿಕೊಳ್ಳಲು ಸಾಧ್ಯವೂ ಇರಲಿಲ್ಲ. ನೀರುಗಂಟಿಯ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ.

ನಡುವೆ 1898ರ ಪ್ಲೇಗು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಕಳಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಊರು ಕೋಟೆ ಪೇಟೆಯ ಗಡಿ ದಾಟಿ ಮೇಲಿನ ಇಳಿಜಾರುಗಳಿಗೆ ಹಬ್ಬಿತು. ಹೊಲ ತೋಟಗಳ ಮೇಲೆ ಬಿದ್ದು ನಿಧಾನವಾಗಿ ಜಿನುಗುತ್ತಿದ್ದ ಮಳೆ ಸೂರು, ಅಂಗಳ, ರಸ್ತೆಗಳ ಮೇಲೆ ಬೀಳತೊಡಗಿತು. ಕಾಲುವೆಯಲ್ಲಿ ಮಳೆನೀರಿನ ಜೊತೆ ಮನೆಗಳ ಕೊಚ್ಚೆಯೂ ಬಂತು. ಹೀಗಾದ ಕೆರೆಯ ಬಗ್ಗೆ ಊರಿನವರಿಗೆ ಉಳಿಯುವುದು ಸೊಳ್ಳೆ, ವಾಸನೆಯ ದೂರು ಮಾತ್ರ. ಆಗ ಅದನ್ನು ಒಣಗಿಸುವುದೇ ಊರಿಗೆ ಒಳ್ಳೆಯದು ಅನ್ನಿಸುತ್ತದೆ.

ಒಣ ಅಂಗಳದಿಂದ ಬಸ್ ನಿಲ್ದಾಣಕ್ಕೆ

ಒಣಗಿದ ಕೆರೆಯಂಗಳ ಮೈದಾನವಾಯಿತು. ಸಭೆ, ಜಾತ್ರೆ, ಆಟಗಳಿಗೆ ಒದಗಿತು. ಸುಭಾಷ್‌ನಗರ ಎಂಬ ಹೆಸರು ಬಂತು. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಕೆರೆ ಎಂದು ಕರೆಯುವಷ್ಟು ಕಾಲ, ಒಣಗಿದ್ದರೂ, ಅದು ನೀರು ಬರಬೇಕಾದ ಜಾಗ. ಮೈದಾನ ಎಂದು ಕರೆದ ಮೇಲೆ ಅದು ಖಾಲಿ ಜಾಗ. ಖಾಲಿ ಜಾಗಕ್ಕೆ ಊರು ಕೆಲಸ ಹುಡುಕುತ್ತದೆ.

ಬಸ್ ನಿಲ್ದಾಣವೇ ಯಾಕೆ ಬಂತು? ಇದಕ್ಕೆ ನೆಲವೇ ಉತ್ತರ ಹೇಳುತ್ತದೆ. 12 ಮೀಟರ್ ಉದ್ದದ ಬಸ್ಸು ಸುತ್ತು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ತ್ರಿಜ್ಯದ ಮಟ್ಟಸ ನೆಲ ಬೇಕು. ಒಂದು ಬಸ್ಸಿಗೆ ನಿಲ್ಲಲು 3.5 ಮೀಟರ್ ಅಗಲ, 13 ಮೀಟರ್ ಉದ್ದ ಹಿಡಿಯಿರಿ. ಎದುರುಬದುರು ಎರಡು ಸಾಲು, ನಡುವೆ ತಿರುಗಲು 20 ಮೀಟರ್ ದಾರಿ. ಲೆಕ್ಕ ಹಾಕಿದರೆ ಬಸ್ಸೊಂದಕ್ಕೆ ಸುಮಾರು 80 ಚದರ ಮೀಟರ್ ಆಯಿತು, ಎಕರೆಗೆ ಸುಮಾರು 50 ಬಸ್ಸು. ಇದರ ಮೇಲೆ ಜನ ನಿಲ್ಲುವ ಕಟ್ಟೆ, ಟಿಕೆಟ್ ಕೌಂಟರು, ಹೋಟೆಲು, ಶೌಚಾಲಯ. ಒಟ್ಟಿನಲ್ಲಿ ಹಲವಾರು ಎಕರೆ ಒಂದೇ ತುಂಡಾಗಿ, ಮಟ್ಟಸವಾಗಿ, ಒಬ್ಬನೇ ಒಡೆಯನ ಕೈಯಲ್ಲಿ, ರೈಲು ನಿಲ್ದಾಣಕ್ಕೂ ಪೇಟೆಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇಕು. ದಿಣ್ಣೆ ತಗ್ಗಿನ ಬೆಂಗಳೂರಿನಲ್ಲಿ ಇವೆಲ್ಲ ಒಟ್ಟಿಗೆ ಸಿಗುವ ನೆಲ ಕೆರೆಯಂಗಳ ಮಾತ್ರ. ನೂರಾರು ವರ್ಷ ಹೂಳು ಕೂತು ಮಟ್ಟವಾದ ನೆಲ, ಸರ್ಕಾರದ್ದು, ಪರಿಹಾರ ಕೊಡಬೇಕಿಲ್ಲ, ಮನೆ ಒಡೆಯಬೇಕಿಲ್ಲ. ಸಂಪಂಗಿ ಕೆರೆಯಂಗಳ ಕಂಠೀರವ ಕ್ರೀಡಾಂಗಣವಾದದ್ದಕ್ಕೂ ಇದೇ ಲೆಕ್ಕ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಸ್ ನಿಲ್ದಾಣ, ಸಂತೆ ಮೈದಾನ, ಕ್ರೀಡಾಂಗಣ ಹಳೆಯ ಕೆರೆಯಲ್ಲೋ ಕಟ್ಟೆಯಲ್ಲೋ ಇರುವುದು ಆಕಸ್ಮಿಕವಲ್ಲ.

ಜನರ ಹರಿವು ಬಸ್ಸಿಗಿಂತ ಮೊದಲೇ ಆ ಕಡೆ ತಿರುಗಿತ್ತು. ರೈಲು ನಿಲ್ದಾಣದ ಎದುರು 1903ರಲ್ಲಿ ಗುಬ್ಬಿ ತೋಟದಪ್ಪನವರ ಛತ್ರ ತೆರೆಯಿತು, ಈಗ ಆ ರಸ್ತೆಗೂ ಅವರದೇ ಹೆಸರು. ಊರ ಬಾಗಿಲು ಪಶ್ಚಿಮಕ್ಕೆ ಬಂದಿತ್ತು ಎನ್ನಲು ಅದೇ ಸಾಕ್ಷಿ. ಕಟ್ಟಡಕ್ಕೆ ಮೊದಲು ತಂಗುವ ಜನ, ಅವರ ಹಿಂದೆ ಊಟದ ಹೋಟೆಲು, ಆಮೇಲೆ ಚಿತ್ರಮಂದಿರ, ಲಾಡ್ಜು.

1940ರಲ್ಲಿ 98 ಬಸ್ಸುಗಳೊಂದಿಗೆ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾಯಿತು. 1956ರಲ್ಲಿ ಅದನ್ನು ಸರ್ಕಾರ ವಹಿಸಿಕೊಂಡು ಬಿಟಿಎಸ್, ಅಂದರೆ ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್, ಮಾಡಿತು. ದೂರದ ಊರುಗಳ ಬಸ್ಸುಗಳಿಗೆ 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ, 1961ರಲ್ಲಿ ನಿಗಮ, ಅಂದರೆ ಈಗಿನ ಕೆಎಸ್‌ಆರ್‌ಟಿಸಿ. ಇದೇ ಹೊತ್ತಿಗೆ ಊರಿನ ಜನಸಂಖ್ಯೆ ಜಿಗಿಯಿತು. 1901ರಲ್ಲಿ ಪೇಟೆ ದಂಡು ಸೇರಿ ಸುಮಾರು 1.6 ಲಕ್ಷವಿದ್ದುದು 1941ಕ್ಕೆ 4 ಲಕ್ಷದ ಆಸುಪಾಸು, 1951ಕ್ಕೆ 7.8 ಲಕ್ಷದ ಆಸುಪಾಸು. ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಒಣ ಅಂಗಳ ಇನ್ನೂ ಒಣ ಅಂಗಳವಾಗಿಯೇ ಉಳಿಯುವ ಮಾತೇ ಇರಲಿಲ್ಲ. ರಸ್ತೆಯ ಒಂದು ಮಗ್ಗುಲಿಗೆ ದೂರದೂರಿನ ಬಸ್ಸುಗಳ ನಿಲ್ದಾಣ, ಇನ್ನೊಂದು ಮಗ್ಗುಲಿಗೆ ಸಿಟಿ ಬಸ್ಸುಗಳ ನಿಲ್ದಾಣ ಬಂದವು. ಸಿಟಿ ಬಸ್ಸುಗಳ ಈಗಿನ ಅಂಕಣಗಳು 1980ರ ದಶಕದವು. 1997ರಲ್ಲಿ ಬಿಟಿಎಸ್ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಆಯಿತು. ಕೊನೆಗೆ ಮೆಟ್ರೋ. ನೇರಳೆ ಮಾರ್ಗದ ನೆಲದಡಿಯ ಓಡಾಟ 2016ರಲ್ಲಿ, ಹಸಿರು ಮಾರ್ಗದ್ದು 2017ರಲ್ಲಿ ಶುರುವಾಗಿ, ಎರಡೂ ಒಂದರ ಕೆಳಗೊಂದು ಹಾಯುವ ನಾಡಪ್ರಭು ಕೆಂಪೇಗೌಡ ನಿಲ್ದಾಣ ಕೆರೆಯಂಗಳದ ತಳಕ್ಕಿಂತ ಎಷ್ಟೋ ಕೆಳಗಿಳಿಯಿತು.

ಹೆಸರು ಯಾವುದನ್ನು ಹಿಡಿದು ಉಳಿಯುತ್ತದೆ

ಈ ತಗ್ಗಿನ ಒಂದೇ ಜಾಗಕ್ಕೆ ಹೆಸರುಗಳು ಎಷ್ಟಾದವು ನೋಡಿ. ಧರ್ಮಾಂಬುಧಿ, ಸುಭಾಷ್‌ನಗರ, ಮೆಜೆಸ್ಟಿಕ್, ಕೆಂಪೇಗೌಡ ಬಸ್ ನಿಲ್ದಾಣ. ಬಸ್ಸಿನ ಬೋರ್ಡಿನಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಕಂಡಕ್ಟರ ಬಾಯಲ್ಲಿ "ಮೆಜೆಸ್ಟಿಕ್, ಮೆಜೆಸ್ಟಿಕ್". ಮೆಜೆಸ್ಟಿಕ್ ಎನ್ನುವುದು ಒಂದು ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಈಗ ಇಲ್ಲ, ಅದು ಇತ್ತು ಎಂದು ತಿಳಿಯದವರೂ ಅಲ್ಲಿಗೇ ಟಿಕೆಟ್ ಕೇಳುತ್ತಾರೆ.

ಯಾವ ಹೆಸರು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದಕ್ಕೆ ಇಲ್ಲಿ ಸಾಕಷ್ಟು ಸಾಕ್ಷಿ ಇದೆ. ಜನ ಇಳಿಯುವ, ಹತ್ತುವ, ಕಾಯುವ, ದಾರಿ ಕೇಳುವ ಜಾಗದ ಹೆಸರು ಉಳಿಯುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ಮೈಸೂರ್ ಬ್ಯಾಂಕ್ ಸರ್ಕಲ್ ಮಾತ್ರ ಮೈಸೂರ್ ಬ್ಯಾಂಕ್ ಸರ್ಕಲ್ಲೇ. ಅಲಂಕಾರ್ ಚಿತ್ರಮಂದಿರ ಅಂಗಡಿ ಸಂಕೀರ್ಣವಾಗಿ ಅಲಂಕಾರ್ ಪ್ಲಾಜಾ ಎಂಬ ಹೆಸರು ಇಟ್ಟುಕೊಂಡಿತು. ದಿವಾನರಾಗಿದ್ದ ಟಿ. ಆನಂದರಾವ್ ಯಾರೆಂದು ಕೇಳಿದರೆ ಹೇಳುವವರು ಕಡಿಮೆ, ಆನಂದರಾವ್ ಸರ್ಕಲ್ ಎಲ್ಲಿ ಎಂದರೆ ಎಲ್ಲರೂ ಹೇಳುತ್ತಾರೆ. ಧರ್ಮಾಂಬುಧಿಗೆ ಮಾತ್ರ ಹಾಗೆ ಉಳಿಯುವ ಭಾಗ್ಯ ಇರಲಿಲ್ಲ. ಬಿಂದಿಗೆ ಹಿಡಿದು ಹೋಗುವವರು ಇಲ್ಲವಾದ ಮೇಲೆ ಆ ಹೆಸರನ್ನು ಬಾಯಲ್ಲಿ ಆಡುವ ಸಂದರ್ಭವೇ ತಪ್ಪಿತು. ಏರಿ ಮಾತ್ರ ದಾರಿಯಾಗಿ ಕೆಲಸ ಮುಂದುವರಿಸಿತು, ಆದ್ದರಿಂದ ಅದರ ಹೆಸರು ಇಂಗ್ಲಿಷ್ ವೇಷದಲ್ಲಾದರೂ ಉಳಿಯಿತು.

ಸಂಪಂಗಿ ಕೆರೆಯ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿಯೂ ಕೆರೆ ಹೋಯಿತು, ಆದರೆ ಒಂದು ಸಣ್ಣ ಕೊಳ ಉಳಿಯಿತು. ಯಾಕೆಂದರೆ ಚೈತ್ರದಲ್ಲಿ ನಡೆಯುವ ಬೆಂಗಳೂರು ಕರಗಕ್ಕೆ ಸಂಪಂಗಿ ಕೆರೆಯ ನೀರೇ ಬೇಕು. ತಿಗಳರ ಆಚರಣೆ ಆ ನೀರನ್ನು ಬಿಟ್ಟುಕೊಡಲಿಲ್ಲ. ಧರ್ಮಾಂಬುಧಿಯ ದಡದ ದೇವತೆ ಎಂದು ನೆನೆಯುವ ಅಣ್ಣಮ್ಮ ಇಂದಿಗೂ ಗಾಂಧಿನಗರದಲ್ಲಿ ನೆಲೆಸಿದ್ದಾಳೆ. ಬಡಾವಣೆಗಳವರು ಅವಳ ಉತ್ಸವಮೂರ್ತಿಯನ್ನು ಕರೆದೊಯ್ದು ಕೂರಿಸಿ ಪೂಜಿಸುತ್ತಾರೆ. ಆದರೆ ಆ ಪೂಜೆಗೆ ಕೆರೆ ಬೇಕಾಗಲಿಲ್ಲ, ದೇವಿ ಉಳಿದಳು, ನೀರು ಉಳಿಯಲಿಲ್ಲ. ವರ್ಷಕ್ಕೊಮ್ಮೆಯಾದರೂ ಬೇಕಾಗುವ ಒಂದು ಕೆಲಸ ಜಾಗವನ್ನು ಎಷ್ಟು ಗಟ್ಟಿಯಾಗಿ ಹಿಡಿದಿಡಬಲ್ಲದು ಎಂಬುದು ಈ ಎರಡು ಕೆರೆಗಳ ನಡುವಿನ ವ್ಯತ್ಯಾಸದಲ್ಲಿ ಕಾಣುತ್ತದೆ.

ಜನರೂ ಹೀಗೆಯೇ ಪದರ ಪದರವಾಗಿ ಬದಲಾದರು. ನೀರುಗಂಟಿ, ತೋಟದ ತಿಗಳರು ಹೋದ ಕಡೆ ಹಮಾಲಿಗಳು, ಛತ್ರದ ಯಾತ್ರಿಕರು ಬಂದರು. ಆಮೇಲೆ ಸಿನಿಮಾದವರು ಬಂದರು, ಕನ್ನಡ ಚಿತ್ರರಂಗಕ್ಕೇ ಗಾಂಧಿನಗರ ಎಂಬ ಹೆಸರಾಯಿತು. ಈಗ ಕಪಾಲಿಯಂಥ ದೊಡ್ಡ ಚಿತ್ರಮಂದಿರವೂ ನೆಲಕ್ಕುರುಳಿದೆ. ಬದಲಾಗದೆ ಇರುವುದು ಬೆಳಗಿನ ಜಾವದ ನೋಟ: ಉತ್ತರ ಕರ್ನಾಟಕದ ರಾತ್ರಿ ಬಸ್ಸುಗಳಿಂದ ಚೀಲ, ಟ್ರಂಕು ಹೊತ್ತು ಇಳಿಯುವ, ಮೊದಲ ಸಲ ಊರಿಗೆ ಬಂದ ಹುಡುಗ ಹುಡುಗಿಯರು.

ನೀರಿನ ಲೆಕ್ಕ ಇನ್ನೂ ಮುಗಿದಿಲ್ಲ

ಹೆಸರು, ಕಟ್ಟಡ, ಜನ ಎಲ್ಲ ಬದಲಾದರೂ ಇಳಿಜಾರು ಬದಲಾಗಲಿಲ್ಲ. ಮೈಸೂರ್ ಬ್ಯಾಂಕ್ ಸರ್ಕಲ್ಲಿನಿಂದ ಕೆಂಪೇಗೌಡ ರಸ್ತೆ ಹಿಡಿದರೆ, ಆನಂದರಾವ್ ಸರ್ಕಲ್ ಕಡೆಯಿಂದ ಬಂದರೆ, ಕಾಲು ತಾನಾಗಿ ಕೆಳಗಿಳಿಯುತ್ತದೆ. ಮಳೆ ನೀರೂ ಹಾಗೆಯೇ ಇಳಿಯುತ್ತದೆ.

100 ಎಕರೆ ನೆಲದ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿತ್ತು ಎನ್ನೋಣ, ಬೆಂಗಳೂರಿನ ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಇದು ವಿಚಿತ್ರವೇನಲ್ಲ. ಒಟ್ಟು ಎರಡು ಕೋಟಿ ಲೀಟರ್ ಚಿಲ್ಲರೆ. ಹೊಲ ತೋಟವಾಗಿದ್ದಾಗ ಅದರಲ್ಲಿ ನೂರಕ್ಕೆ 30ರಷ್ಟು ಹರಿದು ಬಂದರೂ ಸುಮಾರು 60 ಲಕ್ಷ ಲೀಟರ್. ಕಾಂಕ್ರೀಟು, ಡಾಂಬರು ಆದ ಮೇಲೆ ನೂರಕ್ಕೆ 90 ಹರಿಯುತ್ತದೆ, 1.82 ಕೋಟಿ ಲೀಟರ್. 12,000 ಲೀಟರಿನ ಟ್ಯಾಂಕರ್‌ಗಳಲ್ಲಿ ತುಂಬಿದರೆ 1,500 ಟ್ಯಾಂಕರು. ಮೂರು ಪಟ್ಟು ನೀರು, ಅದೂ ಹೆಚ್ಚು ಅವಸರದಲ್ಲಿ. ಹಿಡಿಯುವ ಕೆರೆ ಇದ್ದಾಗ ಕಡಿಮೆ ನೀರು ಬರುತ್ತಿತ್ತು, ಹೆಚ್ಚು ನೀರು ಬರುವ ಹೊತ್ತಿಗೆ ಕೆರೆಯೇ ಇಲ್ಲ.

ಆ ನೀರು ಈಗ ಚರಂಡಿಯಲ್ಲಿ ಹೋಗಬೇಕು. 2 ಮೀಟರ್ ಅಗಲ, 1.5 ಮೀಟರ್ ಆಳದ ಚರಂಡಿ ತುಂಬಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೆ ಸೆಕೆಂಡಿಗೆ 6,000 ಲೀಟರ್ ಸಾಗಿಸುತ್ತದೆ. 1.82 ಕೋಟಿ ಲೀಟರ್ ದಾಟಲು ಸುಮಾರು 50 ನಿಮಿಷ. ಒಂದು ಗಂಟೆಯ ಮಳೆಗೆ ಸರಿಹೊಂದಿತು ಎನ್ನಿಸುತ್ತದೆ. ಈಗ ಅದೇ ಚರಂಡಿಯ ತಳದಲ್ಲಿ ಅರ್ಧ ಮೀಟರ್ ಹೂಳು, ಪ್ಲಾಸ್ಟಿಕ್ಕು ಕೂತಿದೆ ಎನ್ನಿ. ವೇಗ ಕಡಿಮೆಯಾಗದಿದ್ದರೂ ಸೆಕೆಂಡಿಗೆ 4,000 ಲೀಟರ್, ದಾಟಲು 75 ನಿಮಿಷ. ನಿಜಕ್ಕೆ ವೇಗವೂ ಇಳಿಯುತ್ತದೆ. ಹೊರಗುಳಿದ ನೀರು ರಸ್ತೆಗೆ ಬರುತ್ತದೆ. ಚರಂಡಿಯ ಅಡ್ಡಕ್ಕೆ ಒಂದು ಕೇಬಲ್ ಪೈಪು, ಒಂದು ನೀರಿನ ಕೊಳವೆ ಹಾದಿದ್ದರೆ ಅದರ ಹಿಂದೆ ಕಸ ಕಟ್ಟಿಕೊಂಡು ಇನ್ನೂ ಬೇಗ ಉಕ್ಕುತ್ತದೆ. ಜೋರು ಮಳೆಗೆ ಓಕಳಿಪುರದ ಕೆಳಸೇತುವೆ, ಶೇಷಾದ್ರಿಪುರದ ಕಿನೋ ಬಳಿಯ ಕೆಳಸೇತುವೆಗಳಲ್ಲಿ ನೀರು ನಿಲ್ಲುವುದಕ್ಕೂ ಕಾರಣ ಇದೇ: ಹಳಿ ಅಡ್ಡ, ದಾರಿ ತಗ್ಗು, ಹೊರಹೋಗುವ ಬಾಯಿ ಕಿರಿದು.

ಕೆರೆಯಂಗಳದಲ್ಲಿ ಕಟ್ಟುವವರಿಗೆ ಇನ್ನೊಂದು ತೊಡಕು ನೆಲದ್ದು. ಮೇಲೆ ತುಂಬಿಸಿದ ಮಣ್ಣು, ಅದರ ಕೆಳಗೆ ಕಪ್ಪು ಜೇಡಿಯಂಥ ಹೂಳು, ಅದರ ಕೆಳಗೆ ಗಟ್ಟಿ ನೆಲ. ಹೂಳಿನ ಪದರ ಭಾರ ಬಿದ್ದಂತೆ ನಿಧಾನವಾಗಿ, ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಕುಸಿಯುತ್ತದೆ. ಕಾಂಪೌಂಡು ಗೋಡೆ ಮೆಟ್ಟಿಲಿನಂತೆ ಬಿರುಕು ಬಿಡುವುದು, ಹಾಸಿದ ಕಲ್ಲು ಅಲ್ಲಲ್ಲಿ ಗುಳಿ ಬೀಳುವುದು, ಮಳೆಗಾಲದಲ್ಲಿ ನೆಲಮಾಳಿಗೆಯ ಗೋಡೆಯಲ್ಲಿ ಒಸರು, ಇವು ಅಂಥ ನೆಲದ ಗುರುತುಗಳು.

ನಿಮ್ಮೂರಿನಲ್ಲಿ ಇದನ್ನು ಮಾಡುವ ಬಗೆ

ಮೊದಲು ಗ್ರಾಮ ನಕ್ಷೆ ತೆಗೆದುಕೊಳ್ಳಿ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7,920 ಪ್ರಮಾಣದವು, ನಕ್ಷೆಯ ಒಂದು ಇಂಚು ನೆಲದ 660 ಅಡಿ. ಹಳೆಯ ಅಳತೆ ಸರಪಳಿಯಲ್ಲಿ, ಅಂದರೆ 33 ಅಡಿಗೆ ಒಂದು ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. ಸರ್ವೆ ಟಿಪ್ಪಣಿಯಲ್ಲಿ, ಅಂದರೆ ಹೊಲ ಅಳೆದಾಗ ಬರೆದಿಟ್ಟ ನಕಾಶೆಯಲ್ಲಿ, ಸರಪಳಿ ಆಣೆಯಲ್ಲಿ ಬರೆದ ಅಳತೆಯನ್ನು ಅಡಿ ಎಂದು ಓದಿ ಎಡವಿದವರು ಬಹಳ. ಕೆರೆ, ಕಾಲುವೆ, ದಾರಿಗಳು ಪಹಣಿಯಲ್ಲಿ "ಬ" ಖರಾಬು ಎಂದು ಇರುತ್ತವೆ. ಇದು ಸಾರ್ವಜನಿಕರದು. ಸಾಗುವಳಿಗೆ ಬಾರದ ಖಾಸಗಿ ತುಂಡು "ಅ" ಖರಾಬು. ಎರಡನ್ನೂ ಒಂದೇ ಎಂದು ಕೂಡಿಸಿದರೆ ಕೆರೆಯ ವಿಸ್ತೀರ್ಣ ತಪ್ಪುತ್ತದೆ. ಫೋನಿನಲ್ಲಿ ಸರ್ಕಾರದ ಸರ್ವೆ ನಕ್ಷೆಯ ದಿಶಾಂಕ್ ಆಪ್ ತೆರೆದು ನಿಂತ ಜಾಗದ ಸರ್ವೆ ನಂಬರು ನೋಡಿಕೊಳ್ಳಬಹುದು, ಆದರೆ ಗಡಿ ತೀರ್ಮಾನಕ್ಕೆ ಅದನ್ನು ನಂಬಬೇಡಿ. ನಕ್ಷೆಯ ಮೇಲಿನ ಅರ್ಧ ಮಿಲಿಮೀಟರ್ ಗೆರೆಯೇ ನೆಲದಲ್ಲಿ 4 ಮೀಟರ್.

ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ರಸ್ತೆ ಮೂಲೆಗಳನ್ನು ಆಧಾರ ಮಾಡಿಕೊಳ್ಳಬೇಡಿ. ರಸ್ತೆ ಅಗಲವಾಗುತ್ತದೆ, ಸರಿಯುತ್ತದೆ. ಗುಡಿಯ ಗರ್ಭಗೃಹ, ಕಲ್ಲಿನ ಸೇತುವೆ, ಹಳೆಯ ಛತ್ರ, ಬಂಡೆ ಇವನ್ನು ಹಿಡಿಯಿರಿ. ನಾಲ್ಕು ಬಿಂದುಗಳು ಕನಿಷ್ಠ, ಎಂಟಿದ್ದರೆ ಒಳ್ಳೆಯದು, ನಕ್ಷೆಯ ನಾಲ್ಕೂ ಮೂಲೆಗೆ ಹರಡಿರಬೇಕು. ಎಲ್ಲ ಒಂದೇ ಕಡೆ ಗುಂಪಾದರೆ ಇನ್ನೊಂದು ತುದಿ ನೂರಾರು ಅಡಿ ಜಾರಿಹೋಗುತ್ತದೆ. ಕೆರೆಯ ಎರಡು ಅಂಚುಗಳನ್ನೂ ಒಂದೇ ಸಮ ನಂಬಬೇಡಿ. ಏರಿಯ ಕಡೆಯ ಗೆರೆ ಖಚಿತ, ಅದು ಕಟ್ಟಿದ್ದು. ನೀರು ಬರುವ ಕಡೆಯ ಗೆರೆ ಸರ್ವೆಯವರು ಬಂದ ತಿಂಗಳಿನ ನೀರಿನ ಮಟ್ಟ ಇರಬಹುದು, ಬೇಸಿಗೆಯಲ್ಲಿ ಬಂದಿದ್ದರೆ ಕೆರೆ ಚಿಕ್ಕದಾಗಿ ಕಾಣುತ್ತದೆ.

1:50,000 ನಕ್ಷೆಯ 20 ಮೀಟರ್ ಅಂತರದ ಸಮಎತ್ತರದ ಗೆರೆಗಳಲ್ಲಿ ಇಂಥ ಸಣ್ಣ ಕೆರೆ ಕಾಣುವುದಿಲ್ಲ. ಉಚಿತವಾಗಿ ಸಿಗುವ 30 ಮೀಟರ್ ಎತ್ತರ ಮಾಹಿತಿಯಲ್ಲಿ ಕಟ್ಟಡದ ತಾರಸಿ, ಮರದ ತಲೆಯೂ ನೆಲವೆಂದೇ ಸೇರಿರುತ್ತದೆ. ಪೇಟೆಯ ನಡುವೆ ಅದನ್ನು ನಂಬಿ ಕಾಲುವೆ ಎಳೆದರೆ ಕಾಲುವೆ ಬೆಟ್ಟ ಹತ್ತುತ್ತದೆ.

ಫೋಟೋಗಳ ಕಾಲ ಹಿಡಿಯುವುದಕ್ಕೆ ಮೆಜೆಸ್ಟಿಕ್ ಸುತ್ತಲ ಚಿತ್ರಗಳಲ್ಲಿ ಒಳ್ಳೆಯ ಕುರುಹುಗಳಿವೆ. ಬೀದಿಯಲ್ಲಿ ವಿದ್ಯುತ್ ದೀಪವಿದ್ದರೆ 1905ರ ಈಚಿನದು. ಬಸ್ಸಿನ ಮೇಲೆ ಬಿಟಿಎಸ್ ಎಂದಿದ್ದರೆ 1956 ಮತ್ತು 1997ರ ನಡುವಿನದು. ಮೈಸೂರು ರಾಜ್ಯ ಎಂಬ ಬರಹ 1973ರ ನವೆಂಬರ್ 1ಕ್ಕೆ ಮುಂಚಿನದು, ಆದರೆ ಹಳೆಯ ಬೋರ್ಡನ್ನು ಅಂದೇ ಯಾರೂ ಕಿತ್ತಿರುವುದಿಲ್ಲ, ಒಂದೆರಡು ವರ್ಷ ಸಡಿಲ ಬಿಡಿ. ನಂಬರ್ ಪ್ಲೇಟಿನಲ್ಲಿ ಕೆಎ ಇದ್ದರೆ 1989 ಅಥವಾ ಅದರ ಈಚಿನದು. ಸಿನಿಮಾ ಪೋಸ್ಟರಿದ್ದರೆ ಇನ್ನೂ ಒಳ್ಳೆಯದು, ಬಿಡುಗಡೆಯ ವರ್ಷ ಹುಡುಕಬಹುದು. ಎಚ್ಚರ ಬೇಕಾದದ್ದು ಮರುಬಿಡುಗಡೆಯ ವಿಷಯದಲ್ಲಿ.

ಹಿರಿಯರನ್ನು ಕೇಳುವಾಗ "ಇಲ್ಲಿ ಕೆರೆ ಇತ್ತಾ?" ಎಂದು ಕೇಳಬೇಡಿ, ಹೂಂ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಜೋರು ಮಳೆ ಬಂದರೆ ನೀರು ಮೊದಲು ಎಲ್ಲಿ ನಿಲ್ಲುತ್ತದೆ? ಎಲ್ಲಿಂದ ಬರುತ್ತದೆ? ಯಾವ ಕಡೆ ಹೋಗುತ್ತದೆ?" ಎಂದು ಕೇಳಿ. ಕೆರೆ ನೋಡದವರೂ ಇದಕ್ಕೆ ಉತ್ತರ ಕೊಡಬಲ್ಲರು, ಆ ಉತ್ತರ ನಕ್ಷೆಗೆ ಕೂಡುತ್ತದೆ. ಕೋಡಿ, ತೂಬು, ಕಟ್ಟೆ, ಏರಿ ಎಂಬ ಪದಗಳಿರುವ ಬೀದಿ ಹೆಸರುಗಳನ್ನು ಬರೆದಿಡಿ, ಆದರೆ ಹೆಸರೊಂದರಿಂದಲೇ ಕೆರೆ ಇತ್ತೆಂದು ತೀರ್ಮಾನಿಸಬೇಡಿ. ಬಡಾವಣೆ ಕಟ್ಟುವವರು ಚೆಂದಕ್ಕೆ ಇಟ್ಟ ಹೆಸರುಗಳೂ ಇವೆ.

ಕೊನೆಗೆ ಮಟ್ಟ ನೋಡುವ ಕೆಲಸ. ಏರಿ ರಸ್ತೆಯೂ ಅಂಗಳವೂ ಎಷ್ಟು ಎತ್ತರ ತಗ್ಗು ಎಂದು ಅಳೆಯಲು ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಸಾಕು. ಸುಮಾರು 15 ಮೀಟರಿನ ಪಾರದರ್ಶಕ ಪೈಪು, ತುದಿಗಳಲ್ಲಿ ಸ್ವಲ್ಪ ಬಿಟ್ಟು ಉಳಿದಷ್ಟಕ್ಕೂ ನೀರು, ಎರಡೂ ತುದಿಗೆ ಎರಡು ಮೀಟರಿನ ಅಳತೆ ಕೋಲು, ಇಬ್ಬರು ಜನ. ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಕೋಲಿಗೆ ಪೈಪು ಹಿಡಿದು ನೀರಿನ ಮಟ್ಟ ಓದಬೇಕು. ಎರಡು ಓದಿನ ವ್ಯತ್ಯಾಸವೇ ಆ ಎರಡು ಜಾಗದ ಎತ್ತರದ ವ್ಯತ್ಯಾಸ. ಆಮೇಲೆ ಮೇಲಿನವರು ಕೆಳಗಿನವರನ್ನು ದಾಟಿ ಮುಂದೆ ಹೋಗಬೇಕು, ಕೆಳಗಿನವರು ಜಾಗ ಬಿಡಬಾರದು. ಹೀಗೆ 10, 12 ಮೀಟರಿಗೊಮ್ಮೆ. ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸು ಅಳೆಯುತ್ತಾ ಬನ್ನಿ, ಹೊರಟ ಜಾಗಕ್ಕೆ ಬಂದಾಗ ವ್ಯತ್ಯಾಸ ಸೊನ್ನೆಗೆ ಹತ್ತಿರ ಇರಬೇಕು. 5 ಸೆಂಟಿಮೀಟರಿಗಿಂತ ಹೆಚ್ಚು ಬಂದರೆ ಪೈಪನ್ನು ಬೆಳಕಿಗೆ ಹಿಡಿದು ನೋಡಿ: ಹೆಚ್ಚಿನ ಸಲ ತಪ್ಪಿಗೆ ಕಾರಣ ಮಡಿಕೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ. ಒಂದು ತುದಿ ಎತ್ತಿ, ಇನ್ನೊಂದನ್ನು ಬಕೆಟ್ಟಿನ ಮೇಲೆ ಇಳಿಬಿಟ್ಟು ಗುಳ್ಳೆ ಹೊರಬರುವವರೆಗೆ ನೀರು ಹರಿಸಿ, ಮತ್ತೆ ಮೊದಲಿನಿಂದ ಅಳೆಯಿರಿ.